1453ರಿಂದ 1498: ನಡುವಿನ 45 ವರ್ಷ ಯುರೋಪಿಗೆ ಮೆಣಸು ಎಲ್ಲಿಂದ ಬಂತು?

ಪ್ರಶ್ನೆ | ಬನಶಂಕರಿ_ಹತ್ತನೇಕ್ಲಾಸ್
ಸಮಾಜ ವಿಜ್ಞಾನದ ಮೊದಲ ಪಾಠದಲ್ಲೇ ಸಿಕ್ಕಿಹಾಕ್ಕೊಂಡಿದ್ದೀನಿ. ಟರ್ಕರು ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಗೆದ್ದರು, ಹೆಚ್ಚು ಸುಂಕ ಹಾಕಿದರು, ಅದಕ್ಕೇ ಯುರೋಪಿನವರು ಹೊಸ ಜಲಮಾರ್ಗ ಹುಡುಕಿದರು ಅಂತ ಇದೆ. ಗೆದ್ದಿದ್ದು 1453ರಲ್ಲಿ, ವಾಸ್ಕೋ ಡ ಗಾಮ ಬಂದಿದ್ದು 1498ರಲ್ಲಿ. ಅಲ್ಲೀವರೆಗೂ ಅವರು ಮೆಣಸಿಲ್ಲದೆ ಊಟ ಮಾಡಿದ್ರಾ? ಪರೀಕ್ಷೇಲಿ ಏನು ಬರೀಬೇಕು?

ಉತ್ತರ | ಕರಿಮೆಣಸು
ಮೆಣಸು ನಿಲ್ಲಲೇ ಇಲ್ಲ. ಅವೆನ್ಯೂ ರಸ್ತೆಯಲ್ಲಿ ಒಂದು ಖಾಲಿ ಪ್ರಪಂಚ ನಕ್ಷೆ ತಗೊಂಡು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ: ಕಲ್ಲಿಕೋಟೆ, ಏಡನ್, ಕೆಂಪು ಸಮುದ್ರದೊಳಗೆ ಜೆಡ್ಡಾ, ಅಲ್ಲಿಂದ ಸೂಯೆಜ್ ಕಡೆಗೆ. ಆಮೇಲೆ ಒಂಟೆಯ ಮೇಲೆ ಕೈರೋ, ನೈಲ್ ನದಿಯ ದೋಣಿಯಲ್ಲಿ ಅಲೆಕ್ಸಾಂಡ್ರಿಯಾ, ಮತ್ತೆ ಹಡಗು ಹತ್ತಿ ಇಟಲಿಯ ವೆನಿಸ್. ಗೆರೆ ಕಾನ್‌ಸ್ಟಾಂಟಿನೋಪಲ್ ಹತ್ತಿರಕ್ಕೂ ಹೋಗಲಿಲ್ಲ, ನೋಡಿ. ಮಲಬಾರಿನ ಮೆಣಸು ಯುರೋಪಿಗೆ ಹೋಗುತ್ತಿದ್ದ ಮುಖ್ಯ ದಾರಿ ಇದೇ.

1453ರಲ್ಲಿ ಈಜಿಪ್ಟ್ ಮತ್ತು ಸಿರಿಯಾ ಎರಡೂ ಇದ್ದದ್ದು ಮಮ್ಲೂಕ್ ಸುಲ್ತಾನರ ಕೈಯಲ್ಲಿ. ಅಟೋಮನ್ ಟರ್ಕರು ಸಿರಿಯಾ ಗೆದ್ದದ್ದು 1516ರಲ್ಲಿ, ಈಜಿಪ್ಟ್ 1517ರಲ್ಲಿ. ಅಂದರೆ ಗಾಮ ಬಂದು 19 ವರ್ಷವಾದ ಮೇಲೆ. ಹೊಸೂರು ರಸ್ತೆ ಮುಚ್ಚಿದರೆ ಮೈಸೂರು ಬಸ್ಸು ಯಾಕೆ ನಿಲ್ಲಬೇಕು?

ತಕರಾರು ಇದ್ದದ್ದು ಬೆಲೆಯದು. ಏಡನ್‌ನಲ್ಲೊಂದು ಸುಂಕ, ಜೆಡ್ಡಾದಲ್ಲಿ ಇನ್ನೊಂದು, ಕೈರೋದಲ್ಲಿ ಸುಲ್ತಾನನ ಪಾಲು, ಕೊನೆಗೆ ವೆನಿಸ್ ವರ್ತಕರ ಲಾಭ. ಬರ್ಸ್‌ಬೇ ಎಂಬ ಮಮ್ಲೂಕ್ ಸುಲ್ತಾನ 1420ರ ದಶಕದಲ್ಲೇ ಮೆಣಸಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿದ್ದ. ಈ ಸರಪಳಿಯಲ್ಲಿ ಪೋರ್ಚುಗಲ್‌ಗೆ ಸಿಗುತ್ತಿದ್ದದ್ದು ಕೊಳ್ಳುವವನ ಜಾಗ ಮಾತ್ರ. ಅವರು ಸಮುದ್ರಕ್ಕಿಳಿದದ್ದೂ 1453ಕ್ಕಿಂತ ಮುಂಚೆಯೇ: 1415ರಲ್ಲಿ ಉತ್ತರ ಆಫ್ರಿಕಾದ ಸ್ಯೂಟಾ ಬಂದರು ಹಿಡಿದರು, 1434ರಲ್ಲಿ ಆಫ್ರಿಕಾದ ಪಶ್ಚಿಮ ತೀರದ ಬೊಜಾಡೋರ್ ಭೂಶಿರ ದಾಟಿದರು. ಆಗ ಕಣ್ಣಿದ್ದದ್ದು ಆಫ್ರಿಕಾದ ಚಿನ್ನದ ಮೇಲೆ. 1488ರಲ್ಲಿ ಬಾರ್ತಲೋಮಿಯೋ ಡಯಾಸ್ ಆಫ್ರಿಕಾದ ದಕ್ಷಿಣ ತುದಿ ಸುತ್ತಿದ ಮೇಲೆಯೇ ಭಾರತದ ದಾರಿ ಖಚಿತವಾದದ್ದು.

ಉತ್ತರ | ನಕ್ಷೆ_ನೋಡಿ_ಮಾತಾಡಿ
ಹಾಗಂತ 1453ನ್ನು ಪೂರ್ತಿ ಹೊಡೆದುಹಾಕಬೇಡಿ. ಕಪ್ಪು ಸಮುದ್ರಕ್ಕೆ ಹೋಗುವ ಹಡಗು ಬಾಸ್ಫರಸ್ ಜಲಸಂಧಿ ದಾಟಲೇಬೇಕು, ಅದರ ಬಾಯಲ್ಲೇ ಕಾನ್‌ಸ್ಟಾಂಟಿನೋಪಲ್. ಕ್ರಿಮಿಯಾದ ಕಾಫಾ ಬಂದರಿನಲ್ಲಿ ಇಟಲಿಯ ಜಿನೋವಾ ನಗರದವರು ಬೇರು ಬಿಟ್ಟಿದ್ದರು. 1475ರಲ್ಲಿ ಅದೂ ಅಟೋಮನ್ನರ ಪಾಲಾಯಿತು. ಹೊಡೆತ ಬಿದ್ದದ್ದು ಧಾನ್ಯ, ಮೀನು, ಗುಲಾಮರ ವ್ಯಾಪಾರಕ್ಕೆ. ಮೊದಲೇ ಪಶ್ಚಿಮದ ಕಡೆ ಹರಿಯುತ್ತಿದ್ದ ಜಿನೋವಾದ ದುಡ್ಡು ಆಮೇಲೆ ಇನ್ನಷ್ಟು ಅತ್ತಲೇ ವಾಲಿತು. ಕೊಲಂಬಸ್ ಆ ಊರಿನವನೇ ಅನ್ನೋದು ನೆನಪಿರಲಿ. ವೆನಿಸ್ ಮಾತ್ರ ಜಾಣ: 1454ರಲ್ಲೇ ಅಟೋಮನ್ ಸುಲ್ತಾನ ಎರಡನೇ ಮೆಹಮದ್ ಜೊತೆ ಒಪ್ಪಂದ ಮಾಡಿಕೊಂಡು ವ್ಯಾಪಾರ ಮುಂದುವರಿಸಿತು.

ಉತ್ತರ | ಮೂರು_ಅಂಕ
ಪರೀಕ್ಷೆಯಲ್ಲಿ ಈ ವಾದವನ್ನೆಲ್ಲ ಬರೆಯಲು ಹೋಗಬೇಡಿ, ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರ ಪಠ್ಯದ್ದೇ. 1453ರಲ್ಲಿ ನಗರ ಟರ್ಕರ ವಶವಾದದ್ದು, ಸುಂಕದಿಂದ ವ್ಯಾಪಾರ ಲಾಭದಾಯಕವಲ್ಲದಾದದ್ದು, ಇಟಲಿ ವರ್ತಕರ ಏಕಸ್ವಾಮ್ಯ ಮುರಿಯಲು ಸ್ಪೇನ್, ಪೋರ್ಚುಗಲ್ ದೊರೆಗಳು ನಾವಿಕರನ್ನು ಪ್ರೋತ್ಸಾಹಿಸಿದ್ದು, ಜೊತೆಗೆ ದಿಕ್ಸೂಚಿ, ಅಸ್ಟ್ರೋಲೇಬ್ (ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಉಪಕರಣ), ಸಿಡಿಮದ್ದು. ಇಷ್ಟು ಸಾಕು. ಕೊನೆಯ ಸಾಲಿಗೆ 1498, ಕಲ್ಲಿಕೋಟೆ ಬಳಿಯ ಕಾಪ್ಪಾಡ್. "ಟರ್ಕರು ವ್ಯಾಪಾರ ನಿಷೇಧಿಸಿದರು" ಅಂತ ಬಹಳ ಜನ ಬರೀತಾರೆ. ಅದು ಇತಿಹಾಸದಲ್ಲೂ ತಪ್ಪು, ಪಠ್ಯದಲ್ಲೂ ಇಲ್ಲ. ಸುಂಕ ಹಾಕೋದು ಬೇರೆ, ಬಾಗಿಲು ಮುಚ್ಚೋದು ಬೇರೆ.

ಮರುಪ್ರಶ್ನೆ | ಬನಶಂಕರಿ_ಹತ್ತನೇಕ್ಲಾಸ್
ತುಂಬಾ ಥ್ಯಾಂಕ್ಸ್. ಗಾಮ ಬಂದಮೇಲಾದ್ರೂ ಹಳೇ ದಾರಿ ನಿಂತುಹೋಯ್ತಾ?

ಉತ್ತರ | ಕರಿಮೆಣಸು
ಮೊದಲ ಕೆಲವು ದಶಕ ಅಲೆಕ್ಸಾಂಡ್ರಿಯಾಕ್ಕೆ ಬರುವ ಮೆಣಸು ಕುಸಿಯಿತು, ನಿಜ. ಆದರೆ ಪೋರ್ಚುಗೀಸರು ಕೆಂಪು ಸಮುದ್ರಕ್ಕೆ ಬೀಗ ಹಾಕಬೇಕಾದರೆ ಅದರ ಬಾಯಿಯ ಹತ್ತಿರವಿರುವ ಏಡನ್ ಬೇಕು. 1513ರಲ್ಲಿ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಅಲ್ಲಿನ ಕೋಟೆಗೆ ಏಣಿ ಹಾಕಿ ಸೈನಿಕರನ್ನು ಹತ್ತಿಸಿದ, ಭಾರ ತಾಳದೆ ಏಣಿಗಳೇ ಮುರಿದವು, ಕೋಟೆ ಸಿಗಲಿಲ್ಲ. 16ನೇ ಶತಮಾನದ ಮಧ್ಯಕ್ಕೆ ಅಟೋಮನ್ನರ ಆಳ್ವಿಕೆಯಲ್ಲೇ ಅದೇ ಹಳೇ ದಾರಿಯಲ್ಲಿ ವೆನಿಸ್‌ಗೆ ಮತ್ತೆ ಮೆಣಸು ದಂಡಿಯಾಗಿ ಹೋಗುತ್ತಿತ್ತು.