ಪಿಂಗ್‌ಗೆ ‘ಕೂಗಳತೆ’ ಅನ್ನಬಹುದಾ?

ನಮಸ್ಕಾರ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಾನು, ನನ್ನ ತಮ್ಮ ಸೇರಿ ಒಂದು ಗೇಮಿಂಗ್ ಸೆಂಟರ್ ನಡೆಸುತ್ತೇವೆ. 12 ಕಂಪ್ಯೂಟರ್, ಬರುವವರು ಬಹುತೇಕ ಕಾಲೇಜು ಹುಡುಗರು. ಕೌಂಟರ್ ಮೇಲೆ ಒಂದು ತಕರಾರು ವಹಿ ಇಟ್ಟಿದ್ದೇನೆ. ಯಾವ ಸೀಟು, ಎಷ್ಟು ಹೊತ್ತಿಗೆ, ಏನಾಯ್ತು ಅಂತ ಬರೆಯಬೇಕು. ತಿಂಗಳಾದ ಮೇಲೆ ತೆಗೆದು ನೋಡಿದರೆ ಎಲ್ಲ ಸಾಲಲ್ಲೂ ಒಂದೇ ಮಾತು, ‘ಲ್ಯಾಗ್’, ಅಂದರೆ ಆಟ ತಡವರಿಸೋದು. ವಹಿ ಇಟ್ಟು ಏನು ಬಂತು?

ಹೋದ ಭಾನುವಾರದ್ದು ಕೇಳಿ. ವ್ಯಾಲರಂಟ್ ಅನ್ನೋ ಆನ್‌ಲೈನ್ ಆಟ ಆಡುತ್ತಿದ್ದ ಮೂವರು ಒಟ್ಟಿಗೇ ‘ಲ್ಯಾಗ್ ಹೊಡ್ಯಾಕತ್ತೈತ್ರಿ ಅಣ್ಣಾ’ ಅಂತ ಕೂಗಿದರು. ಉಳಿದವರು ಕಾರು, ಕ್ರಿಕೆಟ್ ಅಂತ ನೆಟ್ ಬೇಡದ ಆಟದಲ್ಲಿದ್ದರು. ನಾನು ಹಿಂದೆಮುಂದೆ ನೋಡದೆ ಇಂಟರ್ನೆಟ್ ಕೊಟ್ಟವರಿಗೆ ಫೋನ್ ಹಚ್ಚಿ ಬೈದೆ. ಆಮೇಲೆ ಒಂದೊಂದೇ ಸೀಟಿನಿಂದ ನಮ್ಮ ರೌಟರ್‌ಗೇ ಪಿಂಗ್ ಕೊಟ್ಟು ನೋಡಿದೆ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಳೆದೆ. 4ನೇ ಸೀಟಿಗೆ ಹತ್ತರಲ್ಲಿ ಎರಡು ಉತ್ತರ ಬರುತ್ತಲೇ ಇಲ್ಲ. ಕೇಬಲ್ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು, ಹುಡುಗ ಕಾಲು ಅಲ್ಲಾಡಿಸಿದಾಗಲೆಲ್ಲ ಸಡಿಲಾಗುತ್ತಿತ್ತು. 7ನೇ ಸೀಟಿಗೆ ರೌಟರ್‌ವರೆಗೆ 1 ಮಿಲಿಸೆಕೆಂಡೂ ಹಿಡಿಯುತ್ತಿಲ್ಲ, ಆದರೆ ಗೇಮಿನೊಳಗೆ ಪಿಂಗ್ 30ರಿಂದ 300 ಮಿಲಿಸೆಕೆಂಡಿಗೆ ಹಾರಿ ಮತ್ತೆ ಇಳಿಯುತ್ತೆ, ಯಾಕಂದರೆ 11ನೇ ಸೀಟಲ್ಲಿ ಒಬ್ಬ ದೊಡ್ಡ ಗೇಮೊಂದನ್ನು ಡೌನ್‌ಲೋಡಿಗೆ ಹಾಕಿ ಚಹಾ ಕುಡಿಯೋಕೆ ಹೋಗಿದ್ದ. ಆಟಕ್ಕೆ ಬೇಕಾದ ಡೇಟಾ ಸ್ವಲ್ಪವೇ. ಆದರೂ ಆ ಸಣ್ಣ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ಡೌನ್‌ಲೋಡಿನ ರಾಶಿಯ ಹಿಂದೆ ಪಾಳಿ ಹಚ್ಚಿ ನಿಲ್ಲಬೇಕು. ರೌಟರ್‌ನಲ್ಲಿ 11ಕ್ಕೆ ವೇಗದ ಮಿತಿ ಹಾಕಿದೆ, ಸರಿಹೋಯ್ತು. ಇನ್ನು 9ನೇ ಸೀಟಿಂದು ನೆಟ್ ತಕರಾರೇ ಅಲ್ಲ. ಫ್ಯಾನಿನಲ್ಲಿ ಧೂಳು ತುಂಬಿ ಯಂತ್ರ ಕಾದು ನಿಧಾನವಾಗಿತ್ತು. ಬೈಸಿಕೊಂಡವರಿಗೆ ಮತ್ತೆ ಫೋನ್ ಹಚ್ಚೋಕೆ ನನಗೆ ಮುಖ ಇರಲಿಲ್ಲ.

ಹುಡುಗರಿಗೆ ಅಂದೆ, ‘ಲ್ಯಾಗ್’ ಅನ್ನದೆ ಏನಾಗುತ್ತೆ ಹೇಳ್ರೋ. 4ರವನು ‘ನಡುನಡುವ ನುಂಗತೈತಿ’ ಅಂದ. 7ರವನು ‘ಜೋಲಿ ಹೊಡೀತೈತಿ’. 9ರವನು ‘ಚಿತ್ರ ಎಡವತೈತಿ’. ನೋಡಿ, ಬಾಯಲ್ಲಿ ಇದ್ದೇ ಇದೆ, ಪೆನ್ನು ಹಿಡಿದ ಕೂಡಲೇ ಲ್ಯಾಗ್ ಆಗಿಬಿಡುತ್ತೆ. ಮಾತಾಡುವಾಗ ಅಕ್ಷರ ನುಂಗೋದು ಅಂತೀವಲ್ಲ, ಪ್ಯಾಕೆಟ್ ದಾರಿಯಲ್ಲೇ ಕಳೆದುಹೋಗುವ ಪ್ಯಾಕೆಟ್ ಲಾಸ್‌ಗೆ ಅದಕ್ಕಿಂತ ಒಳ್ಳೆ ಪದ ನನಗಂತೂ ಹೊಳೆಯಲಿಲ್ಲ. ‘ನುಂಗು’ ಅಂತಲೇ ಇಟ್ಟುಕೊಂಡೆ. ಪಿಂಗ್ ಹಾರಿ ಇಳಿಯೋದಕ್ಕೆ ಜಿಟರ್ ಅಂತಾರೆ, ಅದಕ್ಕೆ ‘ಏರುಪೇರು’ ಅನ್ನಬಹುದಿತ್ತು, ಆದರೆ ಅದು ರೇಟಿಗೂ ಆಗುತ್ತೆ, ಬಿಪಿಗೂ ಆಗುತ್ತೆ. ಜೋಲಿಯಲ್ಲಿ ಆ ತೂರಾಡೋದು ಕಣ್ಣಿಗೆ ಕಾಣುತ್ತೆ. ಬಟ್ಟೆ ತೊಟ್ಟಿಲಿಗೂ ಜೋಲಿ ಅಂತಾರೆ, ಅದೊಂದು ತೊಡಕು.

ಸಿಕ್ಕಿಹಾಕಿಕೊಂಡಿರೋದು ಪಿಂಗ್ ಹತ್ತಿರ. 1983ರಲ್ಲಿ ಮೈಕ್ ಮೂಸ್ ಅನ್ನುವವರು ಆ ಪ್ರೋಗ್ರಾಂ ಬರೆದಾಗ ನೀರೊಳಗೆ ಸದ್ದು ಕಳಿಸಿ ಮರುಸದ್ದು ಕೇಳುವ ಹಡಗಿನ ಸೋನಾರ್‌ನ ಸದ್ದು ನೆನೆದು ಹೆಸರಿಟ್ಟರು. ಒಳಗೆ ಓಡಾಡುವ ಸಂದೇಶದ ಹೆಸರೂ ಎಕೋ ಅಂತಲೇ. ತಮ್ಮ ‘ಮಾರ್ದನಿ’ ಅಂದ. ಅವನ ತಲೆಯಲ್ಲಿ ವಿಜಾಪುರದ ಗೋಳಗುಮ್ಮಟ. ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಗೋಡೆ ನಮ್ಮ ದನಿಯನ್ನೇ ತಿರುಗಿಸಿ ಕೊಡುತ್ತೆ, ಇಲ್ಲಿ ಆಚೆ ಇರುವವನು ಕೂಗು ಕೇಳಿ ತಾನೇ ‘ಓ’ ಅನ್ನಬೇಕು. ಹೊಲದ ಆ ಬದುವಿನಿಂದ ಕರೆದರೆ ಈ ಬದುವಿನವನು ಓಗೊಟ್ಟ ಹಾಗೆ. ಅದಕ್ಕೇ ‘ಕೂಗಳತೆ’ ಅಂದೆ.

ಅದು ದೂರದ ಅಳತೆ, ಹೊತ್ತಿಂದಲ್ಲ ಅಂತ ತಮ್ಮನ ತಕರಾರು. ಇರಬಹುದು. ಆದರೆ ಬೆಳಗಾವಿ ಎಷ್ಟು ದೂರ ಅಂದರೆ ‘ಮೂರು ತಾಸಿನ ದಾರಿ’ ಅಂತೀವಿ, ಅಲ್ವಾ? ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಅಂದರೆ ಹೋಗಿಬರೋಕೆ ಪ್ರತಿ 100 ಕಿ.ಮೀ.ಗೆ 1 ಮಿಲಿಸೆಕೆಂಡ್. ಹಾಗಾಗಿ ಪಿಂಗಿನೊಳಗೆ ದೂರವೂ ಇದೆ. ನನ್ನದೇ ವಾದಕ್ಕೆ ಅಡ್ಡ ಬರೋದು 7ನೇ ಸೀಟು. ಆಟ ನಡೆಸುವ ಮುಂಬೈ ಸರ್ವರ್ ಇದ್ದಲ್ಲೇ ಇತ್ತು, 300 ಆಗಿದ್ದು ಪಾಳಿಯಲ್ಲಿ ನಿಂತಿದ್ದಕ್ಕೆ. ಮತ್ತೆ ‘ಕೂಗಳತೆ ದೂರ’ ಅಂದರೆ ಇಲ್ಲೇ ಹತ್ತಿರ ಅಂತ ತಾನೇ ಅರ್ಥ? ‘ಕೂಗಳತೆ 300 ಆಗೇತಿ’ ಅಂತ ಬರೆದರೆ ಓದುವವರಿಗೆ ಉಲ್ಟಾ ಹೊಡೆಯುತ್ತಾ?

ನಿಮ್ಮ ಕಡೆ ಕೂಗಳತೆಯನ್ನು ಹೊತ್ತಿಗೆ ಬಳಸಿದ್ದು ಕೇಳಿದ್ದೀರಾ? ಇಲ್ಲಾ ಸುಮ್ನೆ ‘ಪಿಂಗ್’ ಅಂತಲೇ ಬಿಡೋದಾ? ಮೈಸೂರು ಕಡೆಯವರಿಗೆ ‘ಜೋಲಿ ಹೊಡೀತಿದೆ’ ಅಂದರೆ ತಿಳಿಯುತ್ತಾ, ಅದನ್ನೂ ಹೇಳಿ. ವಹಿಯಲ್ಲಿ ಹೊಸ ಪುಟಕ್ಕೆ ಗೆರೆ ಎಳೆದು ನಾಲ್ಕು ಮನೆ ಮಾಡಿದ್ದೇನೆ, ನುಂಗು, ಜೋಲಿ, ಎಡವು ಅಂತ ಮೂರು ತುಂಬಿವೆ.