ಡಚ್ಚರ ‘ಡೈಕ್’: ಏರಿಯೋ, ಒಡ್ಡೋ?

ಮಾನ್ಯರೇ,

ನೆದರ್ಲೆಂಡ್ಸಿನ ಎಂಕ್‌ಹೌಜನ್ ಎಂಬ ಹಳೆಯ ಬಂದರು ಪಟ್ಟಣದ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುವಾಗ ‘ಡೈಕ್’ (ನೀರನ್ನು ಹೊರಗಿಡಲು ಕಟ್ಟುವ ಉದ್ದನೆಯ ದಿಬ್ಬ) ಎಂಬ ಪದದಲ್ಲಿ ಸಿಕ್ಕಿಕೊಂಡಿದ್ದೇನೆ.

ಹೆರಿಂಗ್ ಮೀನಿನಿಂದಲೇ ಸಿರಿವಂತವಾಗಿ, ಲಾಂಛನದಲ್ಲೂ ಮೂರು ಹೆರಿಂಗ್‌ಗಳನ್ನು ಇಟ್ಟುಕೊಂಡಿರುವ ಆ ಊರಿನ ಎದುರಿಗಿದ್ದದ್ದು ಜೌಡರ್‌ಜೇ, ಅಂದರೆ ತೆಂಕಣ ಕಡಲು. 1916ರ ಕಡಲ ನೆರೆಯ ಬಳಿಕ ಅದನ್ನು ಮುಚ್ಚುವ ಯೋಜನೆಗೆ ಬಲ ಬಂದು, 1932ರಲ್ಲಿ 32 ಕಿಲೋಮೀಟರ್ ಉದ್ದದ ‘ಆಫ್‌ಸ್ಲೌಟ್‌ಡೈಕ್’ ಅದರ ಬಾಯಿ ಕಟ್ಟಿತು. ಕೆಲವೇ ವರ್ಷಗಳಲ್ಲಿ ಉಪ್ಪುನೀರು ಸಿಹಿಯಾಯಿತು, ಹೆರಿಂಗ್ ಇಲ್ಲವಾಯಿತು, ಕಡಲಿನ ಹೆಸರು ಐಸೆಲ್‌ಮೇರ್ ಎಂದಾಯಿತು. ಡಚ್ಚಿನಲ್ಲಿ ‘ಜೇ’ ಕಡಲು, ‘ಮೇರ್’ ಸರೋವರ. ಸೂಳೆಕೆರೆಯನ್ನೇ ಶಾಂತಿಸಾಗರವೆನ್ನುವ ನಮಗೆ ಅಷ್ಟು ಕಟ್ಟುನಿಟ್ಟು ಇಲ್ಲ.

ಡೈಕ್‌ಗೆ ‘ಅಣೆಕಟ್ಟು’ ಎಂದರೆ ಹೊಳೆಗೆ ಅಡ್ಡ ಕಟ್ಟಿದ್ದೆಂಬ ಅರ್ಥ ಬರುತ್ತದೆ. ‘ತಡೆಗೋಡೆ’ ಎಂದರೆ ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳು ಕಣ್ಣಮುಂದೆ ಬರುತ್ತವೆ. ‘ಏರಿ’ ನನಗೆ ಬಹಳ ಹಿಡಿಸಿತ್ತು: ಮೇಲೆ ಗಾಡಿ ಹೋಗುವಷ್ಟು ಅಗಲ, ಇಳಿಜಾರಿನಲ್ಲಿ ಹುಲ್ಲು, ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿನ ತಗ್ಗಿನಲ್ಲಿ ಹೊಲ, ಎಲ್ಲವೂ ನಮ್ಮ ಕೆರೆ ಏರಿಯಂತೆಯೇ. ಆದರೆ ಏರಿ ಬೇಕಾದ ನೀರನ್ನು ಕೂಡಿಡುತ್ತದೆ, ಡೈಕ್ ಬೇಡದ ನೀರನ್ನು ಹೊರಗಿಡುತ್ತದೆ. ಮೇಲಾಗಿ, ಎಂಕ್‌ಹೌಜನ್‌ನಿಂದ ಲೆಲಿಸ್ಟಾಡ್‌ಗೆ 1970ರ ದಶಕದಲ್ಲಿ ಮುಗಿದ ಡೈಕ್‌ನ ಎರಡೂ ಮಗ್ಗುಲಿಗೆ ಈಗಲೂ ನೀರೇ ಇದೆ, ಏಕೆಂದರೆ ಅದರ ಮರೆಯಲ್ಲಿ ನೀರು ಬಸಿದು ಪಡೆಯಬೇಕೆಂದಿದ್ದ ನೆಲವನ್ನು ಕೊನೆಗೂ ಪಡೆಯಲಿಲ್ಲ. ಅದನ್ನು ಏರಿ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಹೀಗಾಗಿ ‘ಒಡ್ಡು’ ಎಂಬುದರತ್ತ ವಾಲಿದ್ದೇನೆ. ಅಘನಾಶಿನಿಯ ಅಳಿವೆಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳನ್ನು ಉಪ್ಪುನೀರಿನಿಂದ ಕಾಯುವ ‘ಖಾರ್‌ಲ್ಯಾಂಡ್ ಒಡ್ಡು’ ಪತ್ರಿಕೆಗಳಲ್ಲಿ ಆಗಲೇ ಬಳಕೆಯಲ್ಲಿದೆ. ಹಾಗೆಂದು, ಡೈಕ್‌ನೊಳಗೆ ನೀರು ಬಸಿದು ಪಡೆದ ‘ಪೋಲ್ಡರ್’ ನೆಲವನ್ನು ಗಜನಿ ಎಂದು ಕರೆಯುವುದು ಸರಿಯೆನಿಸದು: ಗಜನಿಯವರು ಕೊಯ್ಲಿನ ಮೇಲೆ ತೂಬು ತೆರೆದು ಸಿಗಡಿ, ಮೀನಿಗಾಗಿ ಉಪ್ಪುನೀರನ್ನು ತಾವೇ ಒಳಗೆ ಬಿಟ್ಟುಕೊಳ್ಳುತ್ತಾರೆ, ಪೋಲ್ಡರಿನವರಾದರೋ ವರ್ಷವಿಡೀ ನೀರನ್ನು ಹೊರಗೆತ್ತುತ್ತಲೇ ಇರಬೇಕು. ಅದನ್ನು ಪೋಲ್ಡರ್ ಎಂದೇ ಉಳಿಸಿಕೊಳ್ಳುತ್ತೇನೆ.

ಕುಮಟಾ ಕಡೆಯವರು ತಿಳಿಸಬೇಕು: ಗಜನಿಯ ರೈತರ ಬಾಯಲ್ಲಿ ಇರುವುದು ‘ಒಡ್ಡು’ ಎಂಬ ಪದವೇ, ‘ಕಟ್ಟೆ’ಯೇ, ಅಥವಾ ಬೇರೆ ಯಾವುದಾದರೂ ಇದೆಯೇ?