ಹತ್ತು ಚಕ್ರದ ಟಿಪ್ಪರ್‌ಗೆ ಕಮ್ಮಿ ಖರ್ಚಲ್ಲಿ ಆರು ಟಯರ್, ಯಾವ್ದು ಹಾಕ್ಸೋದು?

ಜಲ್ಲಿ ಲೋಡು, ಚಿಕ್ಕಬಳ್ಳಾಪುರ
ಎಲ್ರಿಗೂ ನಮಸ್ಕಾರ. ನಂದು ಹತ್ತು ಚಕ್ರದ ಟಿಪ್ಪರ್, ಇಲ್ಲಿ ಕ್ರಶರ್‌ನಿಂದ ಜಲ್ಲಿ, ಎಂ ಸ್ಯಾಂಡ್ ತುಂಬ್ಕೊಂಡು ಯಲಹಂಕ ಹೆಬ್ಬಾಳ ಕಡೆ ಸೈಟ್‌ಗಳಿಗೆ ಹೊಡೀತೀನಿ, ದಿನಕ್ಕೆ ಎರಡು ಟ್ರಿಪ್ಪು. ಟಯರ್ ಸೈಜು 10.00 ಆರ್ 20, ಟ್ಯೂಬ್ ಟಯರು. ಮುಂದಿನ ಎರಡು ಪರ್ವಾಗಿಲ್ಲ, ಹಿಂದಿನ ಎಂಟರಲ್ಲಿ ಆರು ಬಟನ್ (ಮೇಲಿನ ಅಚ್ಚು) ಹೋಗಿ ಬೋಳು ತಲೆ ಆಗಿವೆ. ಒಳ್ಳೆ ಕಂಪನಿ ರೇಡಿಯಲ್ (ಒಳಗೆ ಸ್ಟೀಲ್ ತಂತಿ ಇರೋದು) ಒಂದಕ್ಕೆ ಇಪ್ಪತ್ತು ಸಾವಿರದ ಮೇಲೇ ಹೇಳ್ತಾರೆ, ಆರಕ್ಕೆ ಲೆಕ್ಕ ಹಾಕಿ ಅಂಗಡಿಯವರು ಕೊಟ್ಟ ಟೀ ಕುಡ್ದು ಸುಮ್ನೆ ಎದ್ದು ಬಂದೆ. ರಿಬಟನ್ (ಹಳೇ ಟಯರ್ ಮೇಲೆ ಹೊಸ ಬಟನ್ ಅಂಟಿಸೋದು) ಮಾಡ್ಸಣ ಅಂದ್ರೆ ಹೋದ ವರ್ಷ ಮಾಡ್ಸಿದ್ದು ದೇವನಹಳ್ಳಿ ಹತ್ರ ಹೈವೇಲಿ ಬಾಳೆಹಣ್ಣಿನ ಸಿಪ್ಪೆ ಥರ ಎದ್ದು ಬಂದು ಮಡ್‌ಗಾರ್ಡ್‌ನೂ ಕಿತ್ಕೊಂಡು ಹೋಯ್ತು, ಆ ರಿಬಟನ್ ಅಂಗಡಿಯವನ ಮೇಲೆ ಇನ್ನೂ ಸಿಟ್ಟಿದೆ. ನೈಲಾನ್ (ತಂತಿ ಬದಲು ನೈಲಾನ್ ದಾರದ ಟಯರ್) ಹಾಕ್ಲಾ, ಹೆಸರೇ ಕೇಳದ ಕಂಪನಿ ರೇಡಿಯಲ್ ಹಾಕ್ಲಾ, ಇಲ್ಲ ಸೆಕೆಂಡ್ಸ್‌ಗೆ (ಬೇರೆಯವ್ರು ಓಡ್ಸಿದ ಟಯರ್) ಹೋಗ್ಲಾ? ಅನುಭವ ಇರೋರು ಹೇಳಿ.

ಅದಿರು ಲಾರಿ, ಸಂಡೂರು
ಅಣ್ಣಾ, ಸೆಕೆಂಡ್ಸ್ ಮಾತ್ರ ಬ್ಯಾಡ್ರಿ. ಮ್ಯಾಲೆ ಬಟನ್ ಚಲೋ ಕಾಣ್ತೈತಿ, ಒಳಗ ಪ್ಯಾಚ್ ಹಾಕಿದ್ದು ಯಾರಿಗ್ ಗೊತ್ತು. ನಾವು ಇಲ್ಲಿ ಮೈನ್ಸ್ ಒಳಗ ಓಡೋ ಗಾಡಿಗೆ ಇವತ್ತಿಗೂ ನೈಲಾನ್ ಲಗ್ (ದಪ್ಪ ಬಟನ್‌ದು) ಹಾಕ್ತೀವಿ, ಯಾಕಂದ್ರ ಚೂಪು ಕಲ್ಲಿಗೆ ರೇಡಿಯಲ್‌ದು ಸೈಡ್‌ವಾಲ್ ಲಗೂನ ಕಟ್ ಆಗ್ತೈತಿ, ನೈಲಾನ್ ಸೈಡು ದಪ್ಪ, ತಡ್ಕೊಂತೈತಿ. ಆದ್ರ ನೀವು ಕ್ರಶರ್ ಒಳಗ ಎಷ್ಟು ಓಡ್ತೀರಿ, ಅರ್ಧ ಕಿಲೋಮೀಟರ್? ಉಳಿದಿದ್ದೆಲ್ಲಾ ಡಾಂಬರ್ ಅಲ್ಲೇನ್ರಿ. ಹೈವೇದಾಗ ಲೋಡ್ ಹಾಕ್ಕೊಂಡು ಅಷ್ಟು ದೂರ ಹೋದ್ರ ನೈಲಾನ್ ಕಾದು ಕೆಂಡ ಆಗ್ತೈತಿ, ಡೀಸೆಲ್ಲೂ ಜಾಸ್ತಿ ಕುಡಿತೈತಿ. ಇನ್ನೊಂದು, ಒಂದೇ ಹೌಸಿಂಗ್‌ಗೆ (ಆಕ್ಸಲ್‌ಗೆ) ಒಂದು ಕಡೆ ನೈಲಾನ್ ಇನ್ನೊಂದು ಕಡೆ ರೇಡಿಯಲ್ ಹಾಕಬ್ಯಾಡ್ರಿ, ಬ್ರೇಕ್ ಒತ್ತಿದಾಗ ಗೊತ್ತಾಗ್ತೈತಿ.

ಹಳೇ ಟಯರ್ ಅಂಗಡಿ, ಮೈಸೂರು
ಮೂವತ್ತು ವರ್ಷ ಟಯರ್ ಅಂಗಡಿ ಇಟ್ಟಿದ್ದೆ, ಈಗ ಮಗ ನೋಡ್ಕೋತಾನೆ. ನಮ್ಮೂರಲ್ಲೇ ವಿಕ್ರಾಂತ್ ಫ್ಯಾಕ್ಟರಿ ಇತ್ತು, ಈಗ ಅದು ಜೆಕೆ ಟಯರ್, ಹಂಗಾಗಿ ಟಯರ್ ಮಾತು ಅಂದ್ರೆ ನನ್ನ ಬಾಯಿ ನಿಲ್ಲಲ್ಲ, ಸಹಿಸ್ಕೊಳಿ.

ಮೊದ್ಲು ತೂಕ ಹೇಳ್ತೀನಿ. 2018ರಲ್ಲಿ ರೂಲ್ ಬದಲಾದ್ಮೇಲೆ ಹಿಂದಿನ ಎರಡು ಆಕ್ಸಲ್‌ಗೆ ಸೇರಿ 21 ಟನ್ ಬಿಡ್ತಾರೆ. ಎಂಟು ಟಯರ್‌ಗೆ ಹಂಚಿದ್ರೆ ಒಂದಕ್ಕೆ 2625 ಕೆಜಿ. ನಿಮ್ಮ ಟಯರ್ ಸೈಡಲ್ಲಿ 146/143 ಅಂತ ಬರ್ದಿದ್ರೆ ಜೋಡಿಲಿ ಓಡೋವಾಗ ಅದು ಹೊರೋದು 2725 ಕೆಜಿ. ಅಂದ್ರೆ ಕಾಯ್ದೆ ಪ್ರಕಾರ ತುಂಬಿದ್ರೂ ಒಂದು ಟಯರ್‌ಗೆ ಎರಡು ಮೂಟೆ ಸಿಮೆಂಟ್ ಹೊರೋ ಅಷ್ಟು ಮಾತ್ರ ಜಾಗ ಉಳಿಯುತ್ತೆ. ಒದ್ದೆ ಎಂ ಸ್ಯಾಂಡ್ ತುಂಬಿ ಬಾಡಿ ಮೇಲೆ ಗುಡ್ಡೆ ಮಾಡಿದ್ರೆ ಯಾವ ಕಂಪನಿ ಟಯರೂ ಬಾಳಲ್ಲ. 149/146 ಸಿಕ್ರೆ ಜೋಡಿಲಿ 3000 ಹೊರುತ್ತೆ, ಸ್ವಲ್ಪ ಜಾಸ್ತಿ ಕೊಟ್ರೂ ಅದನ್ನೇ ತಗೊಳಿ. ಹೆಸರಿಲ್ಲದ ಕಂಪನಿದು ತಗೊಂಡ್ರೆ ಈ ನಂಬರ್ ಓದದೆ ದುಡ್ಡು ಕೊಡ್ಬೇಡಿ, ಜೊತೆಗೆ ಕೊನೇಲಿರೋ ನಾಲ್ಕಂಕಿನೂ ನೋಡಿ, 0923 ಅಂದ್ರೆ 2023ರ ಒಂಬತ್ತನೇ ವಾರದ ಮಾಲು. ಬಿಲ್ಲಲ್ಲಿ ಟ್ಯಾಕ್ಸ್ ಕೂಡ ನೋಡಿ, 2025ರ ಸೆಪ್ಟೆಂಬರ್ 22ರಿಂದ ಟಯರ್ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ.

ಇನ್ನು ರಿಬಟನ್. ಅದನ್ನ ಬಿಟ್ರೆ ನಿಮ್ಗೆ ಉಳಿತಾಯ ಇಲ್ಲ. ಆದ್ರೆ ನಿಮ್ಮದೇ ಟಯರ್ ಕೊಟ್ಟು ಮಾಡ್ಸಿ, ಇನ್ಯಾರದ್ದೋ ಕೇಸಿಂಗ್ (ಬಟನ್ ಬಿಟ್ಟು ಉಳಿದ ಟಯರ್ ಮೈ) ತರ್ಬೇಡಿ. ಪೂರ್ತಿ ಬೋಳಾಗೋ ತನಕ ಕಾಯೋದೇ ತಪ್ಪು, ಮೂರು ನಾಲ್ಕು ಎಂಎಂ ಇದ್ದಾಗ್ಲೇ ಬಿಚ್ಬೇಕು, ತಂತಿ ಕಂಡ್ರೆ ಮುಗೀತು, ಅದು ಗುಜರಿಗೆ. ಮುಂದೆ ಯಾವತ್ತೂ ಹೊಸದೇ ಇರ್ಲಿ. ನಾನಾಗಿದ್ರೆ ಎರಡು ಹೊಸದು ಮುಂದಕ್ಕೆ ಹಾಕಿ, ಮುಂದಿನ ಎರಡನ್ನ ಹಿಂದಕ್ಕೆ ತಂದು, ಆರರಲ್ಲಿ ಕೇಸಿಂಗ್ ಚೆನ್ನಾಗಿರೋ ನಾಲ್ಕನ್ನ ರಿಬಟನ್ ಮಾಡಿಸ್ತಿದ್ದೆ. ಜೋಡಿ ಮಾಡೋವಾಗ ಎತ್ತರ ಅಳೀಬೇಕು, ಒಂದು ಎತ್ತರ ಒಂದು ಗಿಡ್ಡ ಆದ್ರೆ ಎತ್ತರದ್ದೇ ಎಲ್ಲಾ ಹೊರುತ್ತೆ.

ಅಂದ್ಹಾಗೆ, ಹೋದ ವರ್ಷ ಸುಲಿದಿದ್ದು ಯಾವ ಕಡೆ ಟಯರ್ರು? ಹೊರಗಿಂದಾ ಒಳಗಿಂದಾ?

ಜಲ್ಲಿ ಲೋಡು, ಚಿಕ್ಕಬಳ್ಳಾಪುರ
ಒಳಗಿಂದು ಸಾರ್, ಎಡಗಡೆ. ಯಾಕೆ ಕೇಳಿದ್ರಿ?

ಹಳೇ ಟಯರ್ ಅಂಗಡಿ, ಮೈಸೂರು
ಒಳಗಿನ ಟಯರ್‌ಗೆ ಗಾಳಿ ಕೊನೆಗೆ ಯಾವಾಗ ನೋಡಿದ್ರಿ? ಸುತ್ತಿಗೇಲಿ ಬಡಿಯೋದು ಲೆಕ್ಕಕ್ಕಿಲ್ಲ, ಗೇಜ್ ಇಟ್ಟು.

ಅದಿರು ಲಾರಿ, ಸಂಡೂರು
ಹೆ ಹೆ, ಸಿಕ್ಕಿಬಿದ್ರಿ ಅಣ್ಣಾ. ನಮ್ ಡ್ರೈವರ್‌ಗಳೂ ಅಷ್ಟೇ, ಹೊರಗಿಂದು ಒಂದಕ್ಕ ಒದ್ದು ಹತ್ತಿ ಕುಂಡರ್ತಾರ.

ಜಲ್ಲಿ ಲೋಡು, ಚಿಕ್ಕಬಳ್ಳಾಪುರ
ಬೆಳಿಗ್ಗೆ ಲೋಡ್‌ಗೆ ಹೋಗೋ ಮುಂಚೆ ಪಂಕ್ಚರ್ ಅಂಗಡಿ ಹುಡುಗನ್ನ ಕರೆಸಿ ಎಂಟಕ್ಕೂ ಗೇಜ್ ಇಡಿಸ್ದೆ. ಹೊರಗಿನ ನಾಲ್ಕೂ 110 ಪಿಎಸ್‌ಐ ಮೇಲಿತ್ತು. ಒಳಗಿಂದು ಬಲಗಡೆ ಎರಡು ಸುಮಾರಾಗಿದೆ, ಎಡಗಡೆ ಒಂದು 70, ಇನ್ನೊಂದು 55. ಆ 55 ಇರೋದ್ರ ವಾಲ್ವ್‌ಗೆ ಕೈ ಹೋಗದೇ ಇರೋದ್ರಿಂದ ಅವ್ನು ಹೊರಗಿನ ಟಯರ್ ಬಿಚ್ಚೇ ನೋಡ್ದ, ಎರಡರ ಮಧ್ಯೆ ಮುಷ್ಟಿ ಗಾತ್ರದ ಜಲ್ಲಿ ಕಲ್ಲು ಸಿಕ್ಕಾಕ್ಕೊಂಡಿತ್ತು, ಎರಡೂ ಸೈಡ್‌ವಾಲ್ ಕಚ್ಚಿದೆ. ಹೋದ ವರ್ಷ ಸುಲಿದಿದ್ದೂ ಇದೇ ಜಾಗದ್ದು, ಅಂದ್ರೆ ತಪ್ಪು ರಿಬಟನ್ ಮಾಡಿದವನದ್ದಲ್ಲ, ಗಾಳಿ ನೋಡದ ನಂದೇ ಇರ್ಬೇಕು. ಹಂಗಾಗಿ ಕಲ್ಲು ಕಚ್ಚಿದ ಎರಡು, ಗಾಳಿ ಕಮ್ಮಿ ಇದ್ದ ಆ 70ದೊಂದು ಬಿಟ್ರೆ ಕೇಸಿಂಗ್ ನಾಲ್ಕು ಸಿಗಲ್ಲ ಸಾರ್, ಮೂರೇ. ನಾಲ್ಕನೇದಕ್ಕೆ ಸ್ಟೆಪ್ನಿ ಇಳಿಸ್ತೀನಿ, ಸ್ಟೆಪ್ನಿಗೆ ಆಮೇಲೆ ಏನಾದ್ರೂ ಮಾಡಣ. ರಿಬಟನ್‌ಗೆ ಆ ಹಳೇ ಅಂಗಡಿಗೇ ಹೋಗ್ಬೇಕು ಅನ್ಕೊಂಡಿದೀನಿ, ಹೋದ ವರ್ಷ ಅವನಿಗೆ ಬಾಯಿಗೆ ಬಂದಂಗೆ ಬೈದಿದ್ದೆ, ಈಗ ಯಾವ ಮುಖ ಇಟ್ಕೊಂಡು ಹೋಗೋದೋ ಗೊತ್ತಿಲ್ಲ.